ಬಿಳಿ ಚೀಲ ಕಳೆಯಬೇಡಿ: ಒಂದು ನಿರಾಶ್ರಿತ ಕುಟುಂಬದ ಜೊತೆ ಆಸ್ಪತ್ರೆ ತಿರುಗಿದ ಏಳು ತಿಂಗಳು

ಇವತ್ತು 2025ರ ಮೇ 25, ಭಾನುವಾರ. ಹೋದ ವಾರ ನಮ್ಮ ಅಫ್ಘಾನ್ ಅಜ್ಜಿ ಬೀಬಿಜಾನ್ ತಮ್ಮ ಕೊನೆಯ ಮಾತ್ರೆ ನುಂಗಿ, ಖಾಲಿ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದರು. ಅಲ್ಲಿಗೆ ಅಕ್ಟೋಬರಿನಲ್ಲಿ ಶುರುವಾದ ನಮ್ಮ ತಿರುಗಾಟ ಮುಗಿಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡೋಣವೆಂದು ಕೂತಿದ್ದೇನೆ. ಶುರುವಿನಲ್ಲಿ ನಾನು ನಿರಾಶ್ರಿತರ ಆರೋಗ್ಯ ತಪಾಸಣೆಯ ಬಗ್ಗೆ ಹುಡುಕಾಡಿದಾಗ ಸಿಕ್ಕಿದ್ದೆಲ್ಲ ಸರ್ಕಾರಿ ಇಂಗ್ಲಿಷು. ಯಾವ ಬಾಗಿಲು ಮೊದಲು ತಟ್ಟಬೇಕು, ಯಾವ ಕಾಗದ ಕೈಯಲ್ಲಿರಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಕೂರಬೇಕು ಅಂತ ಹೇಳುವವರು ಒಬ್ಬರೂ ಇರಲಿಲ್ಲ.

ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ವಿಜಯಪುರದವಳು, ಹದಿಮೂರು ವರ್ಷದಿಂದ ಅಮೆರಿಕದ ಸಿಯಾಟಲ್ ಪಕ್ಕದ ಕೆಂಟ್ ಊರಿನಲ್ಲಿದ್ದೇನೆ. ನಮ್ಮ ಬೀದಿಯ ಐದು ಮನೆಯವರು ಸೇರಿ ಒಂದು ಪುನರ್ವಸತಿ ಸಂಸ್ಥೆಯ ಜೊತೆ ಕೈಜೋಡಿಸಿ, ಹೊಸದಾಗಿ ಬರುವ ಒಂದು ಅಫ್ಘಾನ್ ಕುಟುಂಬಕ್ಕೆ ನೆರವಾಗುತ್ತೇವೆಂದು ಹೆಸರು ಬರೆಸಿದ್ದೆವು. ಒಬ್ಬರಿಗೆ ಮನೆ ಹುಡುಕುವ ಕೆಲಸ, ಇನ್ನೊಬ್ಬರಿಗೆ ಶಾಲೆ. ನನಗೆ ಉರ್ದು ಬರುತ್ತದೆಂದು ಆಸ್ಪತ್ರೆ ನನ್ನ ಪಾಲಿಗೆ ಬಂತು. ಉರ್ದು ಅಂದರೆ ಎಂಥದ್ದು? ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಗೆಳತಿಯರ ಮನೆಯಲ್ಲಿ ಕಲಿತ ‘ನಕ್ಕೋ’, ‘ಕಾಯ್ಕು’ ಉರ್ದು. ಮೊದಲ ದಿನ ನಾನು ಬಾಯಿ ತೆರೆದಾಗ ಆ ಮನೆಯ ಒಂಬತ್ತು ವರ್ಷದ ಹುಡುಗ ನೆಲಕ್ಕೆ ಬಿದ್ದು ನಕ್ಕ.

ಕಾಬೂಲಿನವರು. 2021ರ ಆಗಸ್ಟಿನಲ್ಲಿ ಸರ್ಕಾರ ಬಿದ್ದ ಮೇಲೆ ಗಡಿ ದಾಟಿ ರಾವಲ್ಪಿಂಡಿಯಲ್ಲಿ ಮೂರು ವರ್ಷ ಕಳೆದವರು. ಅದಕ್ಕೇ ಮಕ್ಕಳಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಗಂಡ, ಹೆಂಡತಿ (ನನ್ನ ಬಾಯಲ್ಲಿ ಭಾಯ್, ಭಾಭಿ), ಗಂಡನ ತಾಯಿ ಬೀಬಿಜಾನ್, ನಾಲ್ಕು ಮಕ್ಕಳು: ಹದಿನಾಲ್ಕರ ಹುಡುಗಿ, ಒಂಬತ್ತರ ಹುಡುಗ, ಐದರ ಹುಡುಗಿ, ಇಪ್ಪತ್ತು ತಿಂಗಳ ಕೂಸು. ಅವರನ್ನು ಕೇಳಿಯೇ ಇದೆಲ್ಲ ಬರೆಯುತ್ತಿದ್ದೇನೆ. ಬೀಬಿಜಾನ್ ಒಂದೇ ಷರತ್ತು ಹಾಕಿದ್ದಾರೆ, ವಯಸ್ಸು ಬರೆಯಕೂಡದು.

ಅಕ್ಟೋಬರ್ 30ರ ರಾತ್ರಿ ವಿಮಾನ ನಿಲ್ದಾಣದಲ್ಲಿ ಅವರನ್ನು ಗುರುತು ಹಿಡಿಯಲು ಕಷ್ಟವೇ ಆಗಲಿಲ್ಲ. ಗಂಡನ ಕೊರಳಲ್ಲಿ ನೀಲಿ ಅಕ್ಷರದ ಬಿಳಿ ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ಅದು ಐಒಎಂ ಚೀಲ, ಅಂತಾರಾಷ್ಟ್ರೀಯ ವಲಸೆ ಸಂಘಟನೆ ಕೊಡುವಂಥದ್ದು. ಪ್ರಪಂಚದ ಯಾವ ಮೂಲೆಯಿಂದ ಬಂದ ನಿರಾಶ್ರಿತರನ್ನೂ ನೀವು ಈ ಚೀಲದಿಂದಲೇ ಗುರುತಿಸಬಹುದು. ವೀಸಾ ಕಾಗದ, ಎಕ್ಸ್‌ರೇ ಸಿ.ಡಿ., ಹೊರಡುವ ಮುನ್ನ ಹಾಕಿಸಿದ ಲಸಿಕೆಗಳ ಪಟ್ಟಿ, ಹೊಟ್ಟೆಹುಳಕ್ಕೆ ಕೊಟ್ಟ ಮಾತ್ರೆಯ ದಾಖಲೆ, ಎಲ್ಲವೂ ಅದರೊಳಗೆ. ಮನೆ ಸೇರಿದ ಮೇಲೆ ಆಯಾಸದಲ್ಲಿ ಜನ ಅದನ್ನು ಮೂಲೆಗೆ ಎಸೆಯುತ್ತಾರೆ, ಇಲ್ಲವೇ ಕಾಗದಗಳನ್ನು ಬೇರೆ ಬೇರೆ ಕಡೆ ತುರುಕುತ್ತಾರೆ. ನಾನು ಮಾಡಿದ ಕೆಲವೇ ಜಾಣತನದ ಕೆಲಸಗಳಲ್ಲಿ ಒಂದು: ಮರುದಿನ ಬೆಳಿಗ್ಗೆ ಪ್ರತಿಯೊಂದು ಹಾಳೆಯ ಫೋಟೋ ತೆಗೆದುಕೊಂಡು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ‘ಇದು ಇಲ್ಲಿಂದ ಅಲುಗಕೂಡದು, ಆಸ್ಪತ್ರೆಗೆ ಮಾತ್ರ’ ಅಂದೆ.

ತಪಾಸಣೆ ಎರಡು ಸಲ ನಡೆಯುತ್ತದೆ. ಇದು ಗೊತ್ತಿಲ್ಲದೆ ನಾನು ಬಹಳ ಗೊಂದಲಪಟ್ಟೆ. ಮೊದಲನೆಯದು ಹೊರಡುವ ದೇಶದಲ್ಲೇ, ವೀಸಾದ ಭಾಗವಾಗಿ. ಅದರಲ್ಲಿ ಹರಡುವ ಹಂತದ ಕ್ಷಯ ಸಿಕ್ಕಿದರೆ ಚಿಕಿತ್ಸೆ ಮುಗಿಯುವವರೆಗೆ ಪ್ರಯಾಣವಿಲ್ಲ. ಎರಡನೆಯದು ಇಲ್ಲಿಗೆ ಬಂದ ಮೇಲೆ, ಮೊದಲ 90 ದಿನದೊಳಗೆ. ಇದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಇದರಲ್ಲಿ ಏನು ಸಿಕ್ಕಿದರೂ ಯಾರನ್ನೂ ವಾಪಸ್ ಕಳಿಸುವುದಿಲ್ಲ, ಸಿಕ್ಕಿದ್ದಕ್ಕೆ ಔಷಧ ಕೊಡುತ್ತಾರೆ.

ಈ ಎರಡು ಸಾಲನ್ನು ಆ ಮನೆಯವರ ಮನಸ್ಸಿಗೆ ಇಳಿಸಲು ನನಗೆ ಎರಡು ತಿಂಗಳು ಬೇಕಾಯಿತು. ತಪ್ಪು ನನ್ನದೇ. ಶುರುವಿಗೇ ‘ಟೆಸ್ಟ್ ಇದೆ’ ಅಂದುಬಿಟ್ಟೆ. ಭಾಯ್‌ಗೆ ಅದು ‘ಇಮ್ತಿಹಾನ್’ ಅಂತ ಕೇಳಿಸಿತು. ಪಾಸು, ಫೇಲು ಇರುವ ಪರೀಕ್ಷೆ! ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಇಸ್ಲಾಮಾಬಾದಿನಲ್ಲಿ ಬೀಬಿಜಾನರ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡಿತ್ತು. ಮೂರು ದಿನ ಕಫ ತೆಗೆದು, ಅದನ್ನು ಎಂಟು ವಾರ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದ್ದರು. ಅಷ್ಟರಲ್ಲಿ ಉಳಿದವರ ತಪಾಸಣೆಯ ಅವಧಿ ಮೀರಿತು, ಟಿಕೆಟ್ ರದ್ದಾಯಿತು, ಎಲ್ಲರಿಗೂ ಮತ್ತೆ ಮೊದಲಿನಿಂದ. ಅಜ್ಜಿಯಿಂದ ಇಡೀ ಮನೆಯ ಬಿಡುಗಡೆ ತಡವಾಯಿತೆಂಬ ಮಾತು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಬೀಬಿಜಾನರಿಗೆ ಎಲ್ಲರಿಗಿಂತ ಹೆಚ್ಚು. ಹಾಗಿರುವಾಗ ಇಲ್ಲಿಗೆ ಬಂದು ಎಂಟನೇ ದಿನಕ್ಕೆ ಕಿಂಗ್ ಕೌಂಟಿಯ (ಕೌಂಟಿ ಅಂದರೆ ಇಲ್ಲಿನ ಜಿಲ್ಲೆ) ಆರೋಗ್ಯ ಇಲಾಖೆಯಿಂದ ಅವರ ಒಬ್ಬರ ಹೆಸರಿಗೆ ಮಾತ್ರ ಕರೆ ಬಂದರೆ ಏನಾಗಬೇಡ? ಅಂದು ರಾತ್ರಿ ಅವರು ಊಟ ಮಾಡಲಿಲ್ಲವಂತೆ.

ಅಂಥ ಕರೆ ಬಂದರೆ ಹೆದರಬೇಡಿ. ಹೊರದೇಶದ ತಪಾಸಣೆಯಲ್ಲಿ ಕ್ಷಯದ ವಿಷಯಕ್ಕೆ ‘ಬಿ1’ ಗುರುತು ಬಿದ್ದವರ ವಿವರ ನೇರವಾಗಿ ಇಲ್ಲಿನ ಆರೋಗ್ಯ ಇಲಾಖೆಗೆ ತಲುಪುತ್ತದೆ. ಕಫದಲ್ಲಿ ರೋಗಾಣು ಇಲ್ಲ, ಎಕ್ಸ್‌ರೇಯಲ್ಲಿ ಗುರುತಿದೆ, ಇನ್ನೊಮ್ಮೆ ನೋಡಿ ಎಂದಷ್ಟೇ ಅದರ ಅರ್ಥ. ಬಿ1 ಇರುವವರಿಗೆ ಉಳಿದವರಿಗಿಂತ ಬೇಗ ದಿನ ಸಿಗುತ್ತದೆ.

ನವೆಂಬರ್ 12ಕ್ಕೆ ಟಿಬಿ ಕ್ಲಿನಿಕ್ಕಿಗೆ ಹೋದೆವು. ದುಭಾಷಿಯನ್ನು ಫೋನಿನಲ್ಲಿ ಕರೆಸಿದರು. ಆ ಪುಣ್ಯಾತ್ಮ ಪಶ್ತೊ ಮಾತಾಡಲು ಶುರುಮಾಡಿದ. ಬೀಬಿಜಾನರದ್ದು ದರಿ. ‘ಅಫ್ಘಾನ್’ ಅಂದ ಕೂಡಲೇ ಯಾರೋ ಪಶ್ತೊ ಅಂತ ಗುರುತು ಹಾಕಿದ್ದರು. ಬೆಂಗಳೂರಿನವರೆಂದು ಕನ್ನಡಿಗರಿಗೆ ತಮಿಳು ದುಭಾಷಿಯನ್ನು ಕೊಟ್ಟ ಹಾಗೆ. ದರಿ ಬಲ್ಲವರು ಸಿಗಲು ನಲವತ್ತು ನಿಮಿಷ, ಸಿಕ್ಕವರು ಗಂಡಸು. ಅಜ್ಜಿ ಪ್ರತಿ ಪ್ರಶ್ನೆಗೂ ‘ನೆ’ ಅಂದರು. ರಾತ್ರಿ ಬೆವರುತ್ತೀರಾ? ನೆ. ತೂಕ ಇಳಿದಿದೆಯಾ? ನೆ. ಆಮೇಲೆ ಮೊಮ್ಮಗಳ ಮೂಲಕ ಗೊತ್ತಾಯಿತು, ಅರ್ಧದಷ್ಟು ಪ್ರಶ್ನೆ ಪರಗಂಡಸಿನ ಎದುರು ಉತ್ತರಿಸುವಂಥದ್ದಲ್ಲವೆಂದು ಅವರಿಗೆ ಅನಿಸಿತ್ತು.

ಮುಂದಿನ ಸಲದಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ದರಿ ಭಾಷೆ, ಹೆಣ್ಣು ದುಭಾಷಿ’ ಅಂತ ಹೇಳಿ, ಬರೆದುಕೊಂಡರೋ ಇಲ್ಲವೋ ಎಂದು ಓದಿಸಿಕೊಳ್ಳುತ್ತಿದ್ದೆ. ಇದನ್ನು ಕೇಳಲು ಸಂಕೋಚ ಬೇಡ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ಭಾಷೆಯ ನೆರವನ್ನು ಪುಕ್ಕಟೆ ಕೊಡಬೇಕು. 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ಹಕ್ಕು ಅದು. ಹಾಗೆಯೇ, ನಿಮಗೆ ಉರ್ದುವೋ ಹಿಂದಿಯೋ ಬರುತ್ತದೆಂದು ನೀವೇ ದುಭಾಷಿಯಾಗಲು ಹೋಗಬೇಡಿ. ದಾರಿ ತೋರಿಸಲು, ಕಾಫಿ ತಂದುಕೊಡಲು ನಮ್ಮ ಭಾಷೆ ಸಾಕು. ಯಕೃತ್ತು, ಮುಟ್ಟು, ಗರ್ಭಪಾತ ಬಂದಾಗ ಸಾಲದು. ಮಕ್ಕಳನ್ನಂತೂ ಬಳಸಲೇಬೇಡಿ. ಒಂದು ಕಡೆ ನರ್ಸೊಬ್ಬರು ಆ ಹದಿನಾಲ್ಕರ ಹುಡುಗಿಗೆ ‘ನಿಮ್ಮಮ್ಮನಿಗೆ ಎಷ್ಟು ಸಲ ಗರ್ಭ ನಿಂತಿತ್ತು ಕೇಳಮ್ಮ’ ಅಂದುಬಿಟ್ಟರು. ಹುಡುಗಿಯ ಮುಖ ಕೆಂಪಾಗಿ ಹೋಯಿತು. ಆಗ ನಾನು ಎದ್ದು ನಿಂತು ಫೋನಿನವರನ್ನು ಕರೆಸಿ ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

ಟಿಬಿ ಕ್ಲಿನಿಕ್ಕಿನಲ್ಲಿ ಹೊಸ ಎಕ್ಸ್‌ರೇ, ಒಂದು ರಕ್ತಪರೀಕ್ಷೆ, ಮತ್ತೆ ಮೂರು ದಿನ ಕಫ. ಕೆಮ್ಮೇ ಇಲ್ಲದ ಮನುಷ್ಯರು ಕಫ ಎಲ್ಲಿಂದ ತರಬೇಕು? ಸಣ್ಣ ಕೋಣೆಯಲ್ಲಿ ಕೂರಿಸಿ, ಉಪ್ಪುನೀರಿನ ಆವಿ ಎಳೆದುಕೊಳ್ಳುವಂತೆ ಮಾಡಿ ಕೆಮ್ಮಿಸಿದರು. ಗಾಜಿನಾಚೆ ನಾನು. ಬೀಬಿಜಾನ್ ನನ್ನ ಕಡೆ ನೋಡುತ್ತ ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮುತ್ತಿದ್ದರು. ಇಸ್ಲಾಮಾಬಾದಿನ ಕತೆಯೇ ಮತ್ತೊಮ್ಮೆ, ಅದೇ ಎಂಟು ವಾರದ ಕಾಯುವಿಕೆ. ‘ಈ ಸಲ ಯಾರ ಟಿಕೆಟ್ ರದ್ದಾಗುತ್ತೆ?’ ಅಂತ ಕಾರಿನಲ್ಲಿ ಕೇಳಿದರು. ಯಾರದ್ದೂ ಇಲ್ಲ ಅಂದೆ. ನಂಬಲಿಲ್ಲ.

ಉಳಿದ ಆರು ಜನರ ತಪಾಸಣೆಗೆ ನವೆಂಬರ್ 20 ಸಿಕ್ಕಿತ್ತು. 19ರ ರಾತ್ರಿ ‘ಬಾಂಬ್ ಸೈಕ್ಲೋನ್’ ಎಂದು ಇಲ್ಲಿ ಎಲ್ಲರ ಬಾಯಲ್ಲಿದ್ದ ಬಿರುಗಾಳಿ ಬಂದು ಸುತ್ತಮುತ್ತಲಿನ ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ಮರಗಳು ಅಡ್ಡಡ್ಡ ಬಿದ್ದಿದ್ದವು, ಕ್ಲಿನಿಕ್ ಮುಚ್ಚಿತ್ತು. ಮತ್ತೆ ಫೋನ್, ಮತ್ತೆ ಸಂಗೀತ ಕೇಳುತ್ತ ಕಾಯುವುದು. ಡಿಸೆಂಬರ್ 9 ಸಿಕ್ಕಿತು.

ಆ ದಿನ ನಾನು ಮಾಡಿದ ಎಡವಟ್ಟು ಹೇಳಿಯೇ ತೀರಬೇಕು. ರಕ್ತಪರೀಕ್ಷೆ ಅಂದರೆ ಖಾಲಿ ಹೊಟ್ಟೆ ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಹಿಂದಿನ ದಿನ ಫೋನ್ ಮಾಡಿ ಯಾರೂ ಏನೂ ತಿನ್ನಬೇಡಿ ಅಂದುಬಿಟ್ಟೆ. ಕೂಸಿಗೆ ಹಾಲು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಹೋದವರಿಗೆ ಹನ್ನೊಂದಾದರೂ ಸರದಿ ಬರಲಿಲ್ಲ. ದೊಡ್ಡವರಿಂದ ಒಬ್ಬೊಬ್ಬರಿಗೆ ಒಂಬತ್ತು ಹತ್ತು ಕೊಳವೆ ರಕ್ತ ತೆಗೆಯುತ್ತಾರೆ. ಒಂಬತ್ತರ ಹುಡುಗ, ನನ್ನ ಉರ್ದು ಕೇಳಿ ನಕ್ಕವನು, ಮೂರನೇ ಕೊಳವೆಗೆ ಬಿಳುಚಿಕೊಂಡು ಕುರ್ಚಿಯಿಂದ ಜಾರಿದ. ಜ್ಯೂಸು, ಬಿಸ್ಕತ್ತು ತಂದ ನರ್ಸ್ ‘ತಿಂಡಿ ಕೊಡದೆ ಯಾಕೆ ಕರೆತಂದಿರಿ?’ ಅಂದಾಗ ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಅಪಾಯಿಂಟ್‌ಮೆಂಟ್ ಕಾಗದದಲ್ಲೇ ಉಪವಾಸ ಬೇಡವೆಂದು ಬರೆದಿತ್ತು. ಹೊಟ್ಟೆತುಂಬ ತಿನ್ನಿಸಿ, ನೀರು ಕುಡಿಸಿ, ಇಡೀ ದಿನಕ್ಕಾಗುವಷ್ಟು ಬುತ್ತಿ ಕಟ್ಟಿಕೊಂಡು ಹೋಗಿ. ಆರು ಜನರಿಗೆ ನಮಗೆ ಏಳು ಗಂಟೆ ಹಿಡಿಯಿತು.

ಏನೇನು ನೋಡುತ್ತಾರೆ ಅಂದರೆ ರಕ್ತಹೀನತೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಮೂತ್ರ, ಎರಡು ವರ್ಷ ದಾಟಿದವರಿಗೆ ಕ್ಷಯದ ರಕ್ತಪರೀಕ್ಷೆ, ಮಕ್ಕಳ ರಕ್ತದಲ್ಲಿ ಸೀಸ, ಕಣ್ಣು, ಕಿವಿ, ಹಲ್ಲು, ರಕ್ತದೊತ್ತಡ. ಹೆಂಗಸರಿಗೆ ಲಸಿಕೆಗೆ ಮುಂಚೆ ಗರ್ಭ ಪರೀಕ್ಷೆ. ಹೆಚ್ಚಿನವು ಬಂದವು, ಹೋದವು. ಹೇಳಬೇಕಾದ್ದು ಲಸಿಕೆ, ಹೆಸರು, ಸೀಸ, ಮತ್ತೆ ಒಂದು ಪ್ರಶ್ನಾವಳಿಯ ಬಗ್ಗೆ.

ಲಸಿಕೆಯ ನರ್ಸ್ ಐದರ ಹುಡುಗಿಯ ರಾವಲ್ಪಿಂಡಿಯ ಕಾರ್ಡು ಹಿಡಿದು ತಲೆ ಕೆರೆದುಕೊಂಡರು. ‘ದಡಾರದ ಎರಡನೇ ಡೋಸು ನವೆಂಬರ್ 7ಕ್ಕೆ ಆಗಿದೆ. ಇಲ್ಲಿಗೆ ಬಂದ ಮೇಲೆ ಎಲ್ಲಿ ಹಾಕಿಸಿದಿರಿ?’ ಕಾರ್ಡಿನಲ್ಲಿ 11/07/2024 ಅಂತಿತ್ತು. ಜುಲೈ 11! ನಮ್ಮಲ್ಲಿ ದಿನ ಮೊದಲು, ಅಮೆರಿಕದಲ್ಲಿ ತಿಂಗಳು ಮೊದಲು. ಮೊದಲ ಡೋಸಿನ ಜೂನ್ 2 ಅವರ ಕಣ್ಣಿಗೆ ಫೆಬ್ರವರಿ 6 ಆಗಿತ್ತು. ಚೀಲದಲ್ಲಿದ್ದ ಅಧಿಕೃತ ಲಸಿಕೆ ಪಟ್ಟಿ ತೆಗೆದು ತೋರಿಸಿದ ಮೇಲೆ ಸರಿಹೋಯಿತು. ಇಲ್ಲದಿದ್ದರೆ ನಾಲ್ಕೂ ಮಕ್ಕಳಿಗೆ ಮೊದಲಿನಿಂದ ಚುಚ್ಚುತ್ತಿದ್ದರೋ ಏನೋ. ನಿಮ್ಮ ಸ್ವಂತ ಮಕ್ಕಳ ಊರಿನ ಕಾರ್ಡಿಗೂ ಇದೇ ಪಾಡು. ಪಕ್ಕದಲ್ಲಿ ಪೆನ್ಸಿಲಿನಿಂದ ತಿಂಗಳ ಹೆಸರು ಬರೆದಿಡಿ. ರಾಜ್ಯದ ಲಸಿಕೆ ದಾಖಲೆಯಲ್ಲಿ ಹಳೆಯ ಡೋಸುಗಳೆಲ್ಲ ಏರಿದವೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ. ಶಾಲೆಗೆ ಅದೇ ಬೇಕು. ವರ್ಷದ ಮೇಲೆ ಗ್ರೀನ್ ಕಾರ್ಡಿಗೆ ಹಾಕುವಾಗಲೂ ಲಸಿಕೆಯ ಲೆಕ್ಕ ಕೇಳುತ್ತಾರೆ.

ಹೆಸರಿನ ಗೋಳು ನಮ್ಮವರಿಗೆ ಹೊಸದಲ್ಲ. ಮನೆತನದ ಹೆಸರಿಲ್ಲದ ಕನ್ನಡಿಗರ ವೀಸಾದ ಮೇಲೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ‘ಎಫ್‌ಎನ್‌ಯು’ ಎಂದು ಬಂದು, ಆಫೀಸಿನಲ್ಲಿ ಎಲ್ಲರೂ ‘ಫ್ನು’ ಅಂತ ಕರೆದ ಕತೆ ಕೇಳಿದ್ದೀರಿ. ಭಾಭಿಗೂ ಒಂದೇ ಹೆಸರು. ಹಾಗಾಗಿ ಅವರೂ ಎಫ್‌ಎನ್‌ಯು. ಜನ್ಮದಿನ ಜನವರಿ 1. ಹುಟ್ಟಿದ ದಿನದ ದಾಖಲೆ ಇಲ್ಲದವರಿಗೆಲ್ಲ ಕಾಗದದಲ್ಲಿ ಜನವರಿ 1 ಎಂದೇ ಬರೆಯುತ್ತಾರೆ. ಭಾಯ್, ಭಾಭಿ, ಬೀಬಿಜಾನ್ ಮೂವರೂ ಒಂದೇ ದಿನ ಹುಟ್ಟಿದವರು! ಲ್ಯಾಬಿನಲ್ಲಿ ಇನ್ನೊಬ್ಬ ಎಫ್‌ಎನ್‌ಯು, ಜನವರಿ 1, ಇದ್ದಳು. ಭಾಭಿಯ ವರದಿ ಅವಳ ಕಡತಕ್ಕೆ, ಅವಳದ್ದು ಇವರ ಕಡತಕ್ಕೆ. ಭಾಭಿಗೆ ಇಲ್ಲದ ಸಕ್ಕರೆ ಕಾಯಿಲೆ ಹತ್ತು ದಿನ ಇತ್ತು. ಮತ್ತೆ ರಕ್ತ ಕೊಟ್ಟು ಬಂದೆವು. ಕೊಳವೆಗೆ ಚೀಟಿ ಅಂಟಿಸುವಾಗ ಹೆಸರು, ಹುಟ್ಟಿದ ವರ್ಷ, ಆಸ್ಪತ್ರೆಯ ನಂಬರು ಮೂರನ್ನೂ ಗಟ್ಟಿಯಾಗಿ ಓದಿ ಎಂದು ಕೇಳಿ. ಅವರು ಬೇಸರಿಸುವುದಿಲ್ಲ, ಬೇಸರಿಸಿದರೂ ಕೇಳಿ.

ಖರ್ಚಿನ ಮಾತು. ತಪಾಸಣೆಗೆ ಕುಟುಂಬದವರು ಕಾಸು ಕೊಡಬೇಕಾಗಿರಲಿಲ್ಲ. ನಿರಾಶ್ರಿತರಾಗಿ ಬಂದವರಿಗೆ ವಾಷಿಂಗ್ಟನ್ ರಾಜ್ಯದಲ್ಲಿ ‘ಆಪಲ್ ಹೆಲ್ತ್’ ಎಂಬ ಸರ್ಕಾರಿ ವಿಮೆ ಸಿಕ್ಕಿತು. ಆದರೂ ಜನವರಿಯಲ್ಲಿ ಭಾಯ್ ಹೆಸರಿಗೆ ಲ್ಯಾಬಿನಿಂದ 742 ಡಾಲರಿನ ಬಿಲ್ ಬಂತು. ಅವರು ಯಾರಿಗೂ ಹೇಳದೆ, ಗೋದಾಮಿನ ಕೆಲಸದ ಮೊದಲ ಸಂಬಳದಲ್ಲಿ 200 ಕಟ್ಟಿಯೂಬಿಟ್ಟಿದ್ದರು. ವಿಮಾನದ ಟಿಕೆಟ್ ಸಾಲವೇ ತಲೆಯ ಮೇಲಿದೆ. ಹೌದು, ನಿರಾಶ್ರಿತರು ಬಂದ ಟಿಕೆಟ್ಟಿನ ದುಡ್ಡನ್ನು ಕಂತಿನಲ್ಲಿ ತೀರಿಸಬೇಕು, ಬಡ್ಡಿ ಇಲ್ಲ ಅಷ್ಟೆ. ಅದರ ಮೇಲೆ ಇದು. ಫೋನ್ ಮಾಡಿದರೆ ವಿಮೆಯ ಕಾರ್ಡಿನ ನಂಬರೇ ಅವರಲ್ಲಿ ಇರಲಿಲ್ಲ, ತಪಾಸಣೆಯ ದಿನ ಕಾರ್ಡಿನ್ನೂ ಅಂಚೆಯಲ್ಲಿ ಬಂದಿರಲಿಲ್ಲ. ನಂಬರು ಕೊಟ್ಟ ಮೇಲೆ ಬಿಲ್ ಅಳಿಸಿದರು. 200 ಡಾಲರ್ ವಾಪಸ್ ಬರಲು ಏಪ್ರಿಲ್ ಆಯಿತು. ಬಿಲ್ ಬಂದರೆ ಕಟ್ಟುವ ಮೊದಲು ಫೋನ್ ಮಾಡಿಸಿ. ನಮ್ಮ ಕೈಯಿಂದ ಹೋದದ್ದು ಪಾರ್ಕಿಂಗಿನ ದುಡ್ಡು, ದಿನಕ್ಕೆ 18 ಡಾಲರಿನಂತೆ ಒಂಬತ್ತು ದಿನ. ಹುಡುಗಿ ಬಸ್ಸು ಕಲಿತ ಮೇಲೆ ಅದೂ ಉಳಿಯಿತು. ಇಲ್ಲಿ ಹದಿನೆಂಟರವರೆಗೆ ಬಸ್ಸು ಪುಕ್ಕಟೆ.

ಸೀಸದ ವಿಷಯಕ್ಕೆ ಬರುತ್ತೇನೆ. ಕೂಸಿನ ಬೆರಳು ಚುಚ್ಚಿ ನೋಡಿದಾಗ ಅಂಕಿ ಜಾಸ್ತಿ ಬಂತು. ಕೈಯ ಕೊಳೆಯಿಂದಲೂ ಹಾಗಾಗಬಹುದೆಂದು ವಾರ ಬಿಟ್ಟು ರಕ್ತನಾಳದಿಂದ ರಕ್ತ ತೆಗೆದರು. ಡೆಸಿಲೀಟರಿಗೆ 11 ಮೈಕ್ರೋಗ್ರಾಂ. ಐದರ ಹುಡುಗಿಯದ್ದು 6. ಇಲ್ಲಿ 3.5 ಮುಟ್ಟಿದರೆ ಗಮನ ಕೊಡಬೇಕೆಂಬ ಲೆಕ್ಕ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆರೋಗ್ಯ ಇಲಾಖೆಯ ನರ್ಸ್ ಮನೆಗೇ ಬಂದು, ಬೈಯದೆ, ಗೋಡೆಯ ಬಣ್ಣ ನೋಡಿ, ಮಸಾಲೆ ಡಬ್ಬಿ ತೆಗೆಸಿ, ಕೂಸಿನ ಕಣ್ಣಿನ ಸುರ್ಮಾ ನೋಡಿ, ಕೊನೆಗೆ ಒಲೆಯ ಮೇಲಿನ ಪಾತ್ರೆಯ ಮುಂದೆ ನಿಂತರು. ಅದು ‘ಕಜಾನ್’, ಎರಕ ಹೊಯ್ದ ದಪ್ಪ ಅಲ್ಯೂಮಿನಿಯಂ ಪ್ರೆಶರ್ ಪಾತ್ರೆ. ಭಾಭಿಯ ತಾಯಿ ಕೊಟ್ಟದ್ದು. ಕಾಬೂಲಿನಿಂದ ರಾವಲ್ಪಿಂಡಿಗೆ, ಅಲ್ಲಿಂದ ಇಲ್ಲಿಗೆ, ಲಗೇಜಿನಲ್ಲಿ ಬಟ್ಟೆ ಬಿಟ್ಟು ಅದನ್ನು ತಂದಿದ್ದರು. ಇದೇ ಕಿಂಗ್ ಕೌಂಟಿಯ ಸಂಶೋಧಕರು ಅಫ್ಘಾನ್ ಮಕ್ಕಳ ರಕ್ತದಲ್ಲಿ ಸೀಸ ಏಕೆ ಹೆಚ್ಚೆಂದು ಹುಡುಕುತ್ತ ಇಂಥ ಪಾತ್ರೆಗಳನ್ನು ಪರೀಕ್ಷಿಸಿ, ಅಡುಗೆಗೆ ಸೀಸ ಬಿಡುತ್ತವೆಂದು 2022ರಲ್ಲಿ ಪ್ರಕಟಿಸಿದ್ದರು. ಪಾತ್ರೆಗಳಲ್ಲಿನ ಸೀಸಕ್ಕೆ ಮಿತಿ ಹಾಕಲು ವಾಷಿಂಗ್ಟನ್ ರಾಜ್ಯ 2024ರಲ್ಲಿ ಕಾನೂನನ್ನೇ ಮಾಡಿತು.

ಭಾಭಿ ಅತ್ತರು. ‘ನನ್ನ ಕೈಯಾರೆ ಉಣಿಸಿದೆ’ ಅಂದರು. ನನ್ನ ಸ್ಟೀಲ್ ಕುಕ್ಕರ್ ತಂದುಕೊಟ್ಟೆ. ಕಜಾನ್‌ನಲ್ಲಿ ಕೊತ್ತಂಬರಿ ಬೆಳೆಯೋಣ ಅಂತ ನಾನು ಉಪಾಯ ಹೇಳಿದರೆ ನರ್ಸ್ ಅದೂ ಬೇಡ ಅಂದರು. ಈಗ ಅದು ಕಪಾಟಿನ ನೆತ್ತಿಯ ಮೇಲಿದೆ. ಮನೆಗೆ ಬಂದು ನನ್ನ ಅಡುಗೆಮನೆಯನ್ನೂ ತಪಾಸಣೆ ಮಾಡಿದೆ. ಊರಿನಿಂದ ತಂದ ಅಲ್ಯೂಮಿನಿಯಂ ಬೋಗುಣಿ, ಜಾತ್ರೆಯಲ್ಲಿ ಕೊಂಡ ಕಾಡಿಗೆ ಡಬ್ಬಿ, ಗುರುತಿನ ಚೀಟಿಯಿಲ್ಲದ ಅರಿಸಿನದ ಪೊಟ್ಟಣ. ಬಣ್ಣ ಬರಲೆಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವುದು ನಮ್ಮ ಉಪಖಂಡದ ಹಳೆಯ ಮೋಸ. ಮೂರನ್ನೂ ಎಸೆದೆ. ಅವ್ವ ಫೋನಿನಲ್ಲಿ, ‘ನೀ ಇಷ್ಟು ದಿನ ಅದನ್ನ ತಿಂದ ಬೆಳದಾಕಿ, ಏನಾಗ್ಯದ?’ ಅಂದಳು. ಮಾರ್ಚಿನಲ್ಲಿ ಮತ್ತೆ ನೋಡಿದಾಗ ಕೂಸಿನದ್ದು 6ಕ್ಕೆ ಇಳಿದಿತ್ತು. ಆರು ವರ್ಷದೊಳಗಿನ ಮಕ್ಕಳಿಗೆ ಮೂರರಿಂದ ಆರು ತಿಂಗಳಲ್ಲಿ ಈ ಎರಡನೇ ಪರೀಕ್ಷೆ ಆಗಲೇಬೇಕು. ಯಾರೂ ನೆನಪಿಸುವುದಿಲ್ಲ, ನೀವೇ ದಿನ ಗುರುತು ಹಾಕಿಕೊಳ್ಳಿ.

ಪ್ರಶ್ನಾವಳಿ ಮನಸ್ಸಿನದ್ದು. ಆರ್‌ಎಚ್‌ಎಸ್-15 ಎನ್ನುತ್ತಾರೆ, ಹದಿನಾಲ್ಕು ದಾಟಿದ ಎಲ್ಲರಿಗೂ. ನಿದ್ದೆ ಬರುತ್ತದಾ, ಹಳೆಯದು ಕಣ್ಣ ಮುಂದೆ ಬಂದ ಹಾಗಾಗುತ್ತದಾ, ಸುಮ್ಮಸುಮ್ಮನೆ ಅಳು ಬರುತ್ತದಾ ಎಂಬಂಥ ಪ್ರಶ್ನೆಗಳು. ಗಂಡ ಪಕ್ಕದಲ್ಲಿದ್ದಾಗ ಭಾಭಿಯ ಉತ್ತರವೆಲ್ಲ ಸೊನ್ನೆ. ಡಾಕ್ಟರಮ್ಮ ಏನೂ ಹೇಳದೆ ಹಾಳೆ ಮಡಚಿಟ್ಟು, ಗಂಡನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿ, ನನ್ನನ್ನೂ ಹೊರಗೆ ಹೋಗಿ ಅಂದರು. ಒಂದು ಕ್ಷಣ ನನಗೆ ಸಿಟ್ಟು ಬಂತು. ಇಷ್ಟೆಲ್ಲ ಓಡಾಡುವವಳು ನಾನು, ನನ್ನನ್ನೇ ಹೊರಗೆ ಕಳಿಸುವುದೇ? ಮುಕ್ಕಾಲು ಗಂಟೆಯ ಮೇಲೆ ಭಾಭಿ ಊದಿದ ಕಣ್ಣಿನಲ್ಲಿ ಬಂದು ನನ್ನ ಪಕ್ಕ ಕೂತರು. ಒಳಗೆ ಏನು ನಡೆಯಿತೆಂದು ನಾನು ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ. ವಾರಕ್ಕೊಮ್ಮೆ ಒಬ್ಬ ದರಿ ಬಲ್ಲ ಹೆಂಗಸಿನ ಹತ್ತಿರ ಮಾತಾಡಲು ಹೋಗುತ್ತಾರೆ, ಬಸ್ಸಿನಲ್ಲಿ, ಒಬ್ಬರೇ.

ಜನವರಿ ಹತ್ತಕ್ಕೆ ಬೀಬಿಜಾನರ ಕಫದ ವರದಿ ಬಂತು. ರೋಗಾಣು ಇಲ್ಲ. ರಕ್ತಪರೀಕ್ಷೆ ಮಾತ್ರ ಪಾಸಿಟಿವ್. ಅಂದರೆ ಕ್ಷಯದ ಬೀಜ ಒಳಗೆ ಮಲಗಿದೆ, ಎದ್ದಿಲ್ಲ. ಯಾರಿಗೂ ಅಂಟುವುದಿಲ್ಲ. ಮುಂದೆ ಏಳದ ಹಾಗೆ ನಾಲ್ಕು ತಿಂಗಳು ದಿನಕ್ಕೊಮ್ಮೆ ರಿಫಾಂಪಿಸಿನ್ ಎಂಬ ಮಾತ್ರೆ. ಬೀಬಿಜಾನ್ ಒಪ್ಪಲಿಲ್ಲ. ರೋಗ ಇಲ್ಲವೆಂದ ಮೇಲೆ ಔಷಧ ಯಾಕೆ? ಔಷಧ ಕೊಡುತ್ತಾರೆಂದರೆ ರೋಗ ಇದೆ, ನೀವೆಲ್ಲ ಸೇರಿ ಮುಚ್ಚಿಡುತ್ತಿದ್ದೀರಿ. ದುಭಾಷಿ ಎರಡು ಸಲ ಹೇಳಿದರು, ನರ್ಸ್ ಚಿತ್ರ ಬರೆದರು.

ಆಗ ನಾನು ನನ್ನ ಗುಟ್ಟು ಬಿಚ್ಚಿದೆ. 2019ರಲ್ಲಿ ಗ್ರೀನ್ ಕಾರ್ಡಿನ ಮೆಡಿಕಲ್ ಮಾಡಿಸಿದಾಗ ನನ್ನ ರಕ್ತಪರೀಕ್ಷೆಯೂ ಪಾಸಿಟಿವ್ ಬಂದಿತ್ತು. ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವಾಗ ಅದರಲ್ಲೇನು ವಿಶೇಷ? ಚರ್ಮದ ಪರೀಕ್ಷೆಯಾಗಿದ್ದರೆ ಚಿಕ್ಕಂದಿನಲ್ಲಿ ಕ್ಷಯಕ್ಕೆಂದು ಹಾಕಿದ ಬಿಸಿಜಿ ಸೂಜಿಯ ಮೇಲೆ ತಪ್ಪು ಹಾಕಬಹುದಿತ್ತು, ರಕ್ತಪರೀಕ್ಷೆಗೆ ಬಿಸಿಜಿ ಅಡ್ಡಿಯಾಗುವುದಿಲ್ಲ. ಎಕ್ಸ್‌ರೇ ಚೊಕ್ಕವಾಗಿತ್ತು, ಗ್ರೀನ್ ಕಾರ್ಡ್ ಬಂತು. ‘ನೋಡಿ, ನನಗೂ ಇದೆ, ನಾನು ನಿಮ್ಮ ಎದುರೇ ಇದ್ದೇನಲ್ಲ’ ಅಂದೆ. ಮೊಮ್ಮಗಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಅಜ್ಜಿ ಒಂದೇ ಪ್ರಶ್ನೆ ಕೇಳಿದರು: ‘ನೀನು ಮಾತ್ರೆ ತಿಂದೆಯಾ?’

ತಿಂದಿರಲಿಲ್ಲ. ಆರೋಗ್ಯ ಇಲಾಖೆಗೆ ಹೋಗಿ ಎಂದು ಅಂದಿನ ಡಾಕ್ಟರು ಕೊಟ್ಟ ಚೀಟಿ ಡ್ರಾಯರಿನಲ್ಲಿ ಐದು ವರ್ಷ ಮಲಗಿತ್ತು. ಚಿಕಿತ್ಸೆ ಪಡೆಯದಿದ್ದರೆ ಇಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಒಮ್ಮೆ ರೋಗ ಏಳುತ್ತದೆಂದು ಓದಿಯೂ ಇದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಇಲ್ಲ’ ಅಂದೆ. ಬೀಬಿಜಾನ್ ಮೊದಲ ಸಲ ನಕ್ಕರು. ‘ಹಾಗಾದರೆ ನೀನೂ ತಿನ್ನು, ದುಖ್ತರ್’ ಅಂದರು. ದುಖ್ತರ್ ಅಂದರೆ ಮಗಳು, ನಮ್ಮ ಸಂಸ್ಕೃತದ ದುಹಿತೃ ಇದ್ದ ಹಾಗೆ. ಅವರು ಜನವರಿ 15ಕ್ಕೆ ಶುರುಮಾಡಿದರು. ನನಗೆ ಡಾಕ್ಟರ ದಿನ ಸಿಕ್ಕಿ, ಯಕೃತ್ತಿನ ಪರೀಕ್ಷೆ ಮುಗಿದು ಮಾತ್ರೆ ಕೈಗೆ ಬರುವಾಗ ಫೆಬ್ರವರಿ 20. ನಿರಾಶ್ರಿತ ಅಜ್ಜಿಗೆ ಸಿಕ್ಕಷ್ಟು ಬೇಗ ವಿಮೆಯಿರುವ ನನಗೆ ಸಿಗಲಿಲ್ಲ ನೋಡಿ.

ಈ ಮಾತ್ರೆ ತಿನ್ನುವವರಿಗೆ ಮೊದಲೇ ಹೇಳಿ: ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನರ್ಸ್ ಹೇಳಿದ್ದರಂತೆ, ದುಭಾಷಿ ಬಿಟ್ಟಿದ್ದರೋ, ಅಜ್ಜಿಗೆ ಕೇಳಿಸಲಿಲ್ಲವೋ. ಎರಡನೇ ದಿನ ಬೆಳಗಿನ ಜಾವ ಐದಕ್ಕೆ ಫೋನ್, ‘ರಕ್ತ ಹೋಗುತ್ತಿದೆ’ ಅಂತ ಮೊಮ್ಮಗಳ ಅಳು. ರಕ್ತದೊತ್ತಡದ ಮಾತ್ರೆಯ ಬಲವನ್ನು ಇದು ಕುಗ್ಗಿಸಬಹುದು. ಹಾಗಾಗಿ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಬೀಬಿಜಾನರಿಗೆ ಎರಡು ಸಲ ಒತ್ತಡದ ಮಾತ್ರೆ ಬದಲಾಯಿಸಿದರು. ಮಾರ್ಚಿನಲ್ಲಿ ರಂಜಾನ್ ಬಂತು. ಉಪವಾಸಕ್ಕಾಗಿ ಮಾತ್ರೆ ನಿಲ್ಲಿಸುತ್ತೇನೆಂದರು. ನರ್ಸ್ ಮಲಗುವ ಹೊತ್ತಿಗೆ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಿ ಅಂದರು. ಎರಡೂ ನಡೆಯಿತು. ನಡುವೆ ಮೂರ್ನಾಲ್ಕು ದಿನ ತಪ್ಪಿದ್ದಕ್ಕೆ ಕೊನೆಗೆ ಅಷ್ಟು ದಿನ ಸೇರಿಸಿದರು.

ಇನ್ನೊಂದು ಅಡ್ಡಿಯನ್ನು ಯಾರೂ ಎಣಿಸಿರಲಿಲ್ಲ. ಜನವರಿ 24, ಶುಕ್ರವಾರ, ಪುನರ್ವಸತಿ ಸಂಸ್ಥೆಗಳು ಕೆಲಸ ನಿಲ್ಲಿಸಬೇಕೆಂದು ವಾಷಿಂಗ್ಟನ್ ಡಿ.ಸಿ.ಯಿಂದ ಆದೇಶ ಬಂತು. ನಮ್ಮವರ 90 ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು. ಸೋಮವಾರ ಸಂಸ್ಥೆಯಲ್ಲಿ ಅವರ ಕೆಲಸ ನೋಡಿಕೊಳ್ಳುತ್ತಿದ್ದ ಕೇಸ್ ವರ್ಕರ್‌ಗೆ ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ. ಅವನೂ ಕೆಲವು ವರ್ಷದ ಹಿಂದೆ ಅದೇ ಬಿಳಿ ಚೀಲ ಹಿಡಿದು ಬಂದ ಅಫ್ಘಾನ್ ಹುಡುಗ. ಹಲ್ಲಿನ ಡಾಕ್ಟರ ದಿನ, ಕೂಸಿನ ಎರಡನೇ ಸೀಸ ಪರೀಕ್ಷೆಯ ಚೀಟಿ, ಭಾಭಿಯ ಕನ್ನಡಕ, ಎಲ್ಲ ಅವನ ಕಂಪ್ಯೂಟರಿನಲ್ಲಿ. ನನ್ನ ಫೋನಿನ ಫೋಟೋಗಳು ಮತ್ತು ಮೊಳೆಗೆ ನೇತುಬಿದ್ದ ಚೀಲ ಇಲ್ಲದಿದ್ದರೆ ಮೊದಲಿನಿಂದ ಶುರುಮಾಡಬೇಕಿತ್ತು. ನೇರವಾಗಿ ಕ್ಲಿನಿಕ್ಕುಗಳಿಗೇ ಫೋನ್ ಮಾಡಿದೆ. ಆರೋಗ್ಯ ಇಲಾಖೆಯ ನರ್ಸುಗಳು ಇದ್ದಲ್ಲೇ ಇದ್ದರು, ಅವರೇ ಉಳಿದದ್ದನ್ನು ದಾಟಿಸಿದರು. ಹಲ್ಲಿನ ಡಾಕ್ಟರು ಮಾತ್ರ ಮೇ ತಿಂಗಳಿಗೆ ಸಿಕ್ಕಿದ್ದು.

ಈಗ ಹೊಸಬರು ಬರುವುದು ಹೆಚ್ಚುಕಡಿಮೆ ನಿಂತಿದೆ. ಆದರೆ ಆಗಲೇ ಬಂದವರಿದ್ದಾರೆ, ಆಶ್ರಯ ಕೇಳಿ ಗೆದ್ದವರಿದ್ದಾರೆ, ಅವರಿಗೂ ಇದೇ ತಪಾಸಣೆ. ಹಿಂದಿ, ಉರ್ದು ಬಲ್ಲ ಕನ್ನಡಿಗರು ಜೊತೆಗೆ ಹೋಗಲು ಒಪ್ಪಿದರೆ ಅವರಿಗೆ ದೊಡ್ಡ ಉಪಕಾರ. ಬುತ್ತಿ ಮರೆಯಬೇಡಿ. ಜೊತೆಗೊಂದು ಫೋನ್ ಚಾರ್ಜರ್, ಮಕ್ಕಳಿಗೆ ಬಣ್ಣದ ಪೆನ್ಸಿಲು.

ಬೀಬಿಜಾನರ ಡಬ್ಬಿ ಖಾಲಿಯಾಯಿತು, ನನಗೆ ಇನ್ನೂ 26 ಮಾತ್ರೆ ಬಾಕಿ. ದಿನಾ ಬೆಳಿಗ್ಗೆ ಆರೂವರೆಗೆ ಫೋನ್ ಬರುತ್ತದೆ. ‘ದವಾ ಖೊರ್ದೀ?’ ಔಷಧ ತಿಂದೆಯಾ? ತಿಂದೆ ಅಂದರೆ ಇಟ್ಟುಬಿಡುತ್ತಾರೆ. ಭಾನುವಾರವೂ ಬಿಡುವುದಿಲ್ಲ.